ಪೂಜ್ಯ

ಹತ್ತರವರೆಗೆ ನನ್ನದು ಕನ್ನಡ.
ಬಲ, ಚಲನೆ, ಜಡತ್ವ, ವೇಗೋತ್ಕರ್ಷ
ಎಲ್ಲ ನನ್ನ ಬೆಂಚಿನವೇ,
ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿದ್ದವು.

ಪ್ಲಸ್ ವನ್ನಿಗೆ ಕುಂಬಳೆಗೆ ಬಂದೆ.
ಪುಸ್ತಕ ಇಂಗ್ಲಿಷು. ಪ್ರಸೀದ ಟೀಚರ್ ಪಯ್ಯನ್ನೂರಿನವರು,
ಹಲಗೆಯಲ್ಲಿ ಇಂಗ್ಲಿಷು ಬರೆದು
ಮಲಯಾಳದಲ್ಲಿ ಬಿಡಿಸುತ್ತಾರೆ.
ವೇಗೋತ್ಕರ್ಷ ಅಲ್ಲಿ ತ್ವರಣ. ಶಕ್ತಿಗೆ ಊರ್ಜ.
ಘರ್ಷಣೆ ಮಾತ್ರ ಬಾಲ ಬದಲಿಸಿಕೊಂಡು
ಘರ್ಷಣಂ ಎಂದು ಬಂತು, ಗುರುತು ಹತ್ತಿತು.
ಆ ತಿಂಗಳಿಗೆ ಅದೊಂದೇ ನೆಂಟ.

ಪಕ್ಕದಲ್ಲಿ ಮೊಗ್ರಾಲಿನ ಮಿಸ್ರಿಯ.
ನಾನು ಲೆಕ್ಕ ಬಿಡಿಸುತ್ತೇನೆ,
ಅವಳು ಟೀಚರನ್ನು ಬಿಡಿಸಿ ಹೇಳುತ್ತಾಳೆ.

ಲ್ಯಾಬಿನ ಮೊದಲ ದಿನ ಲೋಲಕ.
ಕುಂಞಂಬುವೇಟ್ಟ ಕಪಾಟಿನಿಂದ ಹಿತ್ತಾಳೆಯ ಗುಂಡು ತೆಗೆದು
ಅಂಗಿಯ ತುದಿಗೆ ಒರೆಸಿ ಕೊಟ್ಟ:
"ಬೀಳಿಸಬೇಡಿ ಮಕ್ಕಳೇ, ಇದು ನನ್ನ ನೌಕರಿಗಿಂತ ಹಳತು."
ಒಂದು ಮೀಟರ್ ದಾರ.
ಸ್ಟಾಪ್‌ವಾಚು ಮಿಸ್ರಿಯಳದು, ಎಣಿಕೆ ನನ್ನದು.
ಗುಂಡು ಬಿಟ್ಟ ಕೂಡಲೆ ಒಂದು.
ಹೋಗಿ ಬಂತು, ಎರಡು.
ಇಪ್ಪತ್ತಕ್ಕೆ ಒತ್ತಿದಳು: ಮೂವತ್ತೆಂಟು ಸೆಕೆಂಡು.
ಭಾಗಿಸಿ, ವರ್ಗ ಮಾಡಿ, ಪೈ ಗಿಯೆಲ್ಲ ಗುಣಿಸಿ
ಗುರುತ್ವ ಬಂದದ್ದು
ಹತ್ತು ಪಾಯಿಂಟ್ ಒಂಬತ್ತು ನಾಲ್ಕು.

ಟೀಚರ್ ಕನ್ನಡಕ ಏರಿಸಿದರು.
"ಇದೇದಾ ಗ್ರಹಂ, ಮೋಳೇ?"
ಕ್ಲಾಸು ನಕ್ಕಿತು. ನಾನೂ ನಕ್ಕೆ,
ಅರ್ಥವಾದದ್ದು ಆಮೇಲೆ.
ಮತ್ತೆ ನನ್ನ ಹತ್ತಿರ ಬಗ್ಗಿ, ಮೆಲ್ಲಗೆ:
"ಪೂಜ್ಯಂ ತೊಟ್ಟು ಎಣ್ಣಣಂ."

ಪೂಜ್ಯ ನನಗೆ ಗೊತ್ತು.
ರಜೆ ಅರ್ಜಿಯ ತಲೆಯಲ್ಲಿ ಇರುತ್ತದೆ:
ಪೂಜ್ಯ ಮುಖ್ಯೋಪಾಧ್ಯಾಯರಿಗೆ,
ನನಗೆ ನಿನ್ನೆಯಿಂದ ಜ್ವರ.
ಭಜನಾ ಮಂದಿರದ ಆಮಂತ್ರಣದಲ್ಲಿ ಇರುತ್ತದೆ, ಸ್ವಾಮಿಗಳ ಹೆಸರಿನ ಹಿಂದೆ ಮುಂದೆ.
ಲೋಲಕಕ್ಕೂ ಕೈ ಮುಗಿದೇ ಶುರು ಮಾಡಬೇಕೋ ಏನೋ,
ಆಯುಧಪೂಜೆಗೆ ಅಪ್ಪ ದೋಣಿಯ ಎಂಜಿನ್ನಿಗೆ ಕುಂಕುಮ ಇಡುವುದಿಲ್ಲವೇ?
ಗುಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಮಿಸ್ರಿಯ ಬೆಂಚು ಹಿಡಿದು ಕೂತೇಬಿಟ್ಟಳು, ನಗು ತಡೆಯದೆ.
"ಸೊನ್ನೆ ಮಾರಾಯ್ತೀ, ಸೊನ್ನೆ!
ಮಲಯಾಳದಲ್ಲಿ ಸೊನ್ನೆಗೆ ಪೂಜ್ಯಂ ಹೇಳುವುದು."

ಸೊನ್ನೆಗೆ!
ಉತ್ತರಪತ್ರಿಕೆಯಲ್ಲಿ ಕೆಂಪಾಗಿ ಕೂತು ಮನೆಗೆ ಹೋಗಲು ಬಿಡದ ಸೊನ್ನೆಗೆ,
ಎಡಕ್ಕೆ ನಿಂತರೆ ಯಾರೂ ಲೆಕ್ಕಕ್ಕೆ ಹಿಡಿಯದ ಸೊನ್ನೆಗೆ
ಚಂದ್ರಗಿರಿ ಹೊಳೆ ದಾಟಿದರೆ
ಇಷ್ಟು ಮರ್ಯಾದೆ.

ರಾತ್ರಿ, ಕೊಯಿಪ್ಪಾಡಿಯ ಕಡಪ್ಪುರದಲ್ಲಿ, ಮನೆಯಲ್ಲಿ,
ಅಮ್ಮನ ಬೀಡಿ ನೂಲು ಮೂರೆಳೆ ಹೊಸೆದು
ಅಪ್ಪನ ಹಳೆ ಬಲೆಯ ಈಯದ ಗುಂಡು ಕಟ್ಟಿ
ಪಕ್ಕಾಸಿನಿಂದ ಇಳಿಬಿಟ್ಟೆ.
ಬಿಡುವಾಗ ಸೊನ್ನೆ.
ಹೋಗಿ ಬಂದರೆ ಒಂದು.
ಅಮ್ಮ ಗೆರಸೆಯಿಂದ ತಲೆ ಎತ್ತಲಿಲ್ಲ.
"ಎಂತದು, ಸೊನ್ನೆಯಿಂದ ಎಣಿಸುವುದು?
ಹಾಗೆ ಎಣಿಸಿದರೆ ಕಟ್ಟಿಗೆ ಇಪ್ಪತ್ತಾರು ಬೀಳ್ತದೆ.
ಆ ಒಂದರ ದುಡ್ಡು ನಿನ್ನ ಟೀಚರ್ ಕೊಡ್ತಾರಾ?"

ಹೇಳಲು ಹೊರಟೆ: ಬೀಡಿ ಬೇರೆ ಅಮ್ಮಾ,
ಅದು ಕೈಯಲ್ಲಿ ಇರುವಂಥದ್ದು, ಇದು ಹಾಗಲ್ಲ, ಇದು
ತುಳುವಿನಲ್ಲಿ ಇದಕ್ಕೆ ಮಾತು ಹುಡುಕುವಷ್ಟರಲ್ಲಿ
ಏಳೋ ಎಂಟೋ, ಎಣಿಕೆ ತಪ್ಪಿತು.

ಮತ್ತೆ ಗುಂಡನ್ನು ಹಿಡಿದು ನಿಲ್ಲಿಸಿದೆ.
ಹೊರಗೆ ಕಡಲು. ಸಂಜೆ ಹೋದ ದೋಣಿಗಳು
ಬೆಳಗ್ಗೆ ಬರಬೇಕು.
"ಓ, ದೋಣಿಯ ಲೆಕ್ಕವಾ," ಅಂದಳು ಅಮ್ಮ,
ಎಲೆಯ ತುದಿ ಮಡಚುತ್ತ, ತನ್ನಷ್ಟಕ್ಕೆ.
"ಹಾಗೆ ಹೇಳು. ಹೋದದ್ದನ್ನು ಎಣಿಸಲಿಕ್ಕಿಲ್ಲ.
ಬಂದರೆ ಒಂದು."

ಇಪ್ಪತ್ತಕ್ಕೆ ನಲವತ್ತೂವರೆ ಸೆಕೆಂಡು.
ಒಂಬತ್ತು ಪಾಯಿಂಟ್ ಆರು ಮೂರು.
ನೂಲು ಸ್ವಲ್ಪ ಹಿಗ್ಗಿರಬೇಕು.
ಅಥವಾ ಗಾಳಿ. ಅಥವಾ ಮೊಬೈಲಿನ ಮೇಲಿನ ನನ್ನ ಹೆಬ್ಬೆರಳು.
ರಫ್ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದೆ,
ತಿದ್ದಲಿಲ್ಲ.

"ಮುಗೀತಾ? ನೂಲು ಬಿಚ್ಚಿ ಕೊಡು,
ಇನ್ನೂ ನಾಲ್ಕು ಕಟ್ಟು ಬಾಕಿ ಉಂಟು."